ಕೈ ಮೇಜಿನ ಮೇಲೆ

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸುಳ್ಳು. ಅದು ಮೂಗಿಗಿಂತ ಒಂದು ಗೇಣು ಮುಂದೆಯೇ ಇರುತ್ತದೆ. ಅಂಗಡಿಯೊಳಗೆ ಕಾಲಿಟ್ಟರೆ ಮಾತ್ರ ನಾನು ಬೇರೆ ಮನುಷ್ಯ. ನಾನು ವಾಚ್ ರಿಪೇರಿ ಮಾಡುವವನು. ಎಂಟಡಿ ಉದ್ದ, ಆರಡಿ ಅಗಲದ ಅಂಗಡಿ. ಗೋಡೆಯ ತುಂಬ ಇಪ್ಪತ್ತೆರಡು ಗಡಿಯಾರ, ಕಿಟಕಿಯ ಪಕ್ಕ ಒಂದು ಮೇಜು. ಸಿಟ್ಟು ಬಂದವನ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ಚಿಮಟ ನಿಲ್ಲುವುದಿಲ್ಲ. ಹೀಗಾಗಿ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ನಾನು ಸಾಧು.

ಮಗಳಿಗೆ ಹನ್ನೊಂದು ವರ್ಷ. ಒಂದು ಕಡೆ ನಿಲ್ಲದ ಮಗು ಅಂತ ನಮ್ಮಪ್ಪ ಅವಳನ್ನು ‘ಸೆಕೆಂಡ್ ಮುಳ್ಳು’ ಎಂದು ಕರೆಯುತ್ತಿದ್ದರು. ಅದು ಸವೆದು ಸವೆದು ಈಗ ಬರೀ ಮುಳ್ಳು. ಮನೆಯಲ್ಲಿ ಅವಳ ಬಾಯಿಗೆ ಬೀಗ ಹಾಕುವವರು ಯಾರೂ ಹುಟ್ಟಿಲ್ಲ. ಅಂಥವಳು ತರಗತಿಯ ಮುಂದೆ ನಿಂತು ಐದು ನಿಮಿಷ ಮಾತಾಡಬೇಕಾದಾಗ ಕಲ್ಲಾಗಿಬಿಟ್ಟಳು. ‘ನಮ್ಮ ಮನೆಯವರ ಕೆಲಸ’ ಅನ್ನುವುದು ವಿಷಯ, ಎಲ್ಲ ಮಕ್ಕಳೂ ಮಾತಾಡಬೇಕು. ಮೊದಲ ಸಲ ಮುಳ್ಳು ತುಟಿ ಬಿಚ್ಚಲಿಲ್ಲ. ಎರಡನೇ ಸಲ ಅರ್ಧ ವಾಕ್ಯ ಹೇಳಿದಳಂತೆ; ಯಾರೋ ಕಿಸಕ್ಕನೆ ನಕ್ಕರಂತೆ; ಓಡಿಹೋಗಿ ಟಾಯ್ಲೆಟ್ಟಿನ ಚಿಲಕ ಹಾಕಿಕೊಂಡಳು. ಅವಳನ್ನು ಹೊರಗೆ ಕರೆತರಲು ಟೀಚರಿಗೆ ಒಂದು ಪೀರಿಯಡ್ ಹಿಡಿಯಿತು.

ಅವತ್ತಿನಿಂದ ಬೆಳಗಾದರೆ ಹೊಟ್ಟೆನೋವು. ಒಂದು ಸೋಮವಾರ ಒಂದು ಕಾಲಿಗೆ ಶೂ ಹಾಕಿಕೊಂಡವಳು ಇನ್ನೊಂದನ್ನು ಕೆಳಗಿಟ್ಟು, “ನಾನಿನ್ನು ಸ್ಕೂಲಿಗೇ ಹೋಗಲ್ಲ” ಎಂದಳು.

ನಾನೇನು ಮಾಡಿದೆ? ಕೂಗಿದೆ. ಬೀದಿಯ ಆ ತುದಿಯ ನಾಯಿ ಕೂಡ ಉತ್ತರ ಕೊಟ್ಟಿತು.

ಕ್ಲಾಸ್ ಟೀಚರ್ ನಮ್ಮನ್ನು ಸ್ಕೂಲಿನ ಕೌನ್ಸೆಲರ್ ಬಳಿ ಕಳಿಸಿದರು. ಮೂವರೂ ಒಟ್ಟಿಗೆ ಬರಬೇಕಂತೆ. “ಹೆದರಿಕೆ ಅವಳಿಗೆ. ನಾನ್ಯಾಕೆ ಬರ್ಬೇಕು?” ಎಂದೆ. ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಮೀಸೆ ಹೊತ್ತ ಗಂಡಸರು ಸೂಜಿ ಕಂಡು ಕಣ್ಣೀರು ಹಾಕುವುದನ್ನು ದಿನಾ ನೋಡುವವಳು. “ರೀ, ಬಾಯಿ ಮುಚ್ಕೊಂಡು ಬನ್ನಿ” ಎಂದಳು. ಬಾಯಿ ಮುಚ್ಚಿಕೊಂಡು ಹೋದೆ.

ಲೈಬ್ರರಿಯ ಪಕ್ಕದ ಸಣ್ಣ ಕೋಣೆ. ಕೌನ್ಸೆಲರ್ ಮೇಡಂ ನನ್ನ ತಂಗಿಯ ವಯಸ್ಸಿನವರು. ದೊಡ್ಡ ಭಾಷಣ ಬರುತ್ತದೆಂದು ನಾನು ಹಲ್ಲು ಕಚ್ಚಿ ಕೂತಿದ್ದರೆ, ಅವರು ಒಂದೇ ಒಂದು ಪ್ರಶ್ನೆ ಕೇಳಿದರು.

“ಮನೇಲಿ ಯಾರಿಗಾದ್ರೂ ತುಂಬಾ ಟೆನ್ಷನ್ ಆದ್ರೆ ಏನ್ ಮಾಡ್ತಾರೆ?”

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮುಳ್ಳು ಶುರುಮಾಡಿದಳು. “ಅಮ್ಮ ತೊಳೆದಿರೋ ಪಾತ್ರೆನೇ ಮತ್ತೆ ತೊಳೀತಾಳೆ, ದಬದಬ ಅಂತ. ಅಪ್ಪ ಕೂಗ್ತಾನೆ. ನಾನು ಹೊಟ್ಟೆ ಹಿಡ್ಕೋತೀನಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಹೆಂಡತಿ ತನ್ನ ಸೀರೆಯ ಅಂಚಿನಲ್ಲಿ ಇಲ್ಲದ ದಾರವನ್ನು ಹುಡುಕುತ್ತಿದ್ದಳು.

“ಆದ್ರೆ ಅಂಗಡೀಲಿ ಅಪ್ಪ ಕೂಗಲ್ಲ ಮೇಡಂ” ಎಂದು ಮುಳ್ಳು ಸೇರಿಸಿದಳು. “ಅಲ್ಲಿ ಒಂದು ರೂಲಿದೆ.”

“ಏನದು?”

“ಸ್ಕ್ರೂ ಬಿದ್ರೆ ಯಾರೂ ಕಾಲು ಅಲ್ಲಾಡಿಸಬಾರದು. ತುಳಿದ್ರೆ ಮುಗೀತು. ಮೊದಲು ಎರಡೂ ಕೈ ಮೇಜಿನ ಮೇಲೆ ಇಡ್ಬೇಕು. ಮೂರು ಸಲ ನಿಧಾನಕ್ಕೆ ಉಸಿರಾಡ್ಬೇಕು. ಆಮೇಲೆ ಟಾರ್ಚನ್ನ ನೆಲದ ಮೇಲೆ ಮಲಗಿಸ್ಬೇಕು. ಆಗ ಇಷ್ಟೇ ಇಷ್ಟು ಸ್ಕ್ರೂಗೂ ಉದ್ದ ನೆರಳು ಬೀಳತ್ತೆ. ಸಿಕ್ಕೇ ಸಿಗತ್ತೆ.”

ರಜೆಯಲ್ಲಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಿದ್ದ ಹುಡುಗಿ ಇಷ್ಟೆಲ್ಲ ನೋಡಿಕೊಂಡಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಆ ರೂಲು ನನ್ನದಲ್ಲ, ನಮ್ಮಪ್ಪನದು. ಅವರು ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಕಲಿಸಿದ್ದು.

ಮೇಡಂ ನನ್ನ ಕಡೆ ತಿರುಗಿದರು. “ಇಷ್ಟು ಒಳ್ಳೇ ರೂಲನ್ನ ಮನೆಗೆ ಯಾಕೆ ತಂದಿಲ್ಲ ನೀವು?”

ಅವರೇ ಮುಂದುವರಿಸಿದರು. ಗಾಬರಿ ಎಲ್ಲರಿಗೂ ಆಗುತ್ತದೆ, ಆದಾಗ ಏನು ಮಾಡಬೇಕೆಂದು ಗೊತ್ತಿದ್ದರೆ ಸಾಕು, ಆದರೆ ಮನೆಯವರೆಲ್ಲ ಮಾಡಬೇಕು, ಬರೀ ಮಗುವಿನ ತಲೆಗೆ ಕಟ್ಟಬಾರದು ಎಂದರು. ಮುಳ್ಳು ಸ್ಕೂಲಿಗೆ ಬರಲಿ, ಮಾತಾಡಲೇಬೇಕೆಂಬ ಒತ್ತಾಯವಿಲ್ಲ ಎಂದೂ ಹೇಳಿದರು. ಮುಳ್ಳು ಬಗ್ಗಿ ತನ್ನ ಶೂವಿನ ಲೇಸು ಬಿಗಿಮಾಡಿಕೊಂಡಳು. “ಇನ್ನೊಂದೇ ಒಂದು ಸಲ ನೋಡ್ತೀನಿ” ಎಂದಳು. ಮೂರು ವಾರದ ನಂತರದ ಶುಕ್ರವಾರ ಅಂತ ನಿಗದಿಯಾಯಿತು.

ಊಟದ ಮೇಜು ನಮ್ಮ ಅಭ್ಯಾಸದ ಮೇಜಾಯಿತು. ಮೊದಲ ಬಲಿ ನನ್ನ ಹೆಂಡತಿ. ಹಾಲು ಉಕ್ಕಿ ಒಲೆಯೆಲ್ಲ ಆದಾಗ ಒದ್ದೆ ಕೈಯನ್ನೇ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದಳು. ನಾನು ನಕ್ಕೆ. “ಯಾರಾದ್ರೂ ಕೈ ಇಟ್ಟಾಗ ನಗಬಾರದು” ಎಂದು ಮುಳ್ಳು ಹೊಸ ರೂಲು ಮಾಡಿದಳು. ಮರುದಿನ ಅಂಗಡಿಯ ಬೀಗದ ಕೈ ಸಿಗದೆ ನಾನೇ ಕೈ ಇಟ್ಟೆ. ಕೂಗಲಿಕ್ಕೆ ಬಾಯಿ ತೆರೆದಿದ್ದೆ, ಆ ಬಾಯಲ್ಲೇ ಉಸಿರೆಳೆದುಕೊಂಡೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಮುಳ್ಳು ದಿನಾ ಬೆಳಿಗ್ಗೆ ಶೂ ಹಾಕುವ ಮೊದಲು ಕೈ ಇಡುತ್ತಿದ್ದಳು, ಆಮೇಲೆ ಸ್ಕೂಲಿಗೆ ಹೊರಡುತ್ತಿದ್ದಳು. ಇಷ್ಟಕ್ಕೆ ಸುಮ್ಮನಿದ್ದರೆ ನಾನು ನಾನಾಗುತ್ತಿದ್ದೆನೇ? ಅಂಗಡಿಯಿಂದ ಸ್ಟಾಪ್‌ವಾಚ್ ತಂದೆ. ಅವಳು ಕೈ ಇಟ್ಟ ಕ್ಷಣದಿಂದ ಎತ್ತುವವರೆಗೆ ಎಷ್ಟು ಸೆಕೆಂಡು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಐವತ್ತೆರಡು. ನಲವತ್ತೇಳು. ನಲವತ್ತು. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ವಾಚನ್ನು ಹದಕ್ಕೆ ತಂದಷ್ಟೇ ಖುಷಿ ನನಗೆ. ಆರನೇ ದಿನ ಒಂದೂವರೆ ನಿಮಿಷ ಹಿಡಿಯಿತು. “ಅಯ್ಯೋ, ಏನಿದು, ನಿನ್ನೆಗಿಂತ ಹಿಂದೆ ಬಿದ್ಯಲ್ಲ!” ಎಂದೆ.

ಅವಳು ಎದ್ದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಚಿಲಕದ ಸದ್ದು ಕೇಳಿ ನಾನು ಹಿಂದೆಯೇ ಓಡಿದೆ.

“ಬಾಗಿಲು ತೆಗಿ” ಎಂದು ಅಬ್ಬರಿಸಿದೆ. ಒಳಗಿಂದ ಅಳುವಿನ ನಡುವೆ ಮಾತು ಬಂತು. “ನಿನ್ನ ಸ್ಕ್ರೂ ಬಿದ್ದಾಗ ಯಾರಾದ್ರೂ ಟೈಮ್ ನೋಡ್ತಾರಾ ಅಪ್ಪ?”

ನೋಡುವುದಿಲ್ಲ. ನಮ್ಮಪ್ಪನೂ ನೋಡಿರಲಿಲ್ಲ. ಒಮ್ಮೆ ನಾನು ಅರ್ಧ ಗಂಟೆ ಕೈ ಇಟ್ಟುಕೊಂಡು ಕೂತಿದ್ದಾಗಲೂ ಅವರು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದರು. ಬಚ್ಚಲುಮನೆಯ ಮುಂದೆ ಮೇಜಿರಲಿಲ್ಲ. ನೆಲದ ಮೇಲೆ ಕೂತು ಎರಡೂ ಅಂಗೈ ಊರಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತು, ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಉಸಿರು ಹದಕ್ಕೆ ಬಂದ ಮೇಲೆ ನನ್ನ ಕೈಗಡಿಯಾರ ಬಿಚ್ಚಿದೆ. ಅದು ನಮ್ಮಪ್ಪನದು, ದಿನಾ ಕೀ ಕೊಡಬೇಕಾದ ಹಳೇ ವಾಚು. ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ತಳ್ಳಿದೆ.

“ಇದು ನಿನ್ ಹತ್ರಾನೇ ಇರ್ಲಿ. ನಾನು ಇನ್ನು ಟೈಮ್ ನೋಡಲ್ಲ. ತಪ್ಪಾಯ್ತು ಮಗಳೇ.”

ಬಾಗಿಲು ತೆಗೆಯಲು ಅವಳು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡಳು.

ಆ ಶುಕ್ರವಾರ ನಾವಿಬ್ಬರೂ ತರಗತಿಯ ಹೊರಗೆ ನಿಂತಿದ್ದೆವು. ಬಾಗಿಲಿಗೆ ಒಂದು ಚೌಕ ಗಾಜಿತ್ತು. ಟೀಚರ್ ಕರೆದರು, ಮುಳ್ಳು ಎದ್ದು ಮುಂದೆ ಬಂದಳು. ಬಾಯಿ ತೆರೆದಳು. ಮಾತಿಲ್ಲ. ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಓಡುತ್ತಾಳೆ ಅಂದುಕೊಂಡೆ. ನನಗೆ ಒಳನುಗ್ಗಿ ಆ ಮಕ್ಕಳಿಗೆಲ್ಲ ಎರಡು ಮಾತು ಬೈಯಬೇಕು ಅನ್ನಿಸಿತು. ಹೆಂಡತಿ ನನ್ನ ಶರ್ಟು ಹಿಡಿದುಕೊಂಡಳು.

ಮುಳ್ಳು ಟೀಚರ ಮೇಜಿನ ಮೇಲೆ ಎರಡೂ ಕೈ ಇಟ್ಟಳು.

ಹಿಂದಿನ ಬೆಂಚಿನಿಂದ ಅದೇ ಕಿಸಕ್ ನಗು ಬಂತು. ಅವಳು ಕೈ ಎತ್ತಲಿಲ್ಲ. ಭುಜ ಏರಿತು, ಇಳಿಯಿತು. ಮತ್ತೆ ಏರಿತು, ಇಳಿಯಿತು. ಮೂರನೇ ಸಲವೂ. ನಾನೂ ಅವಳ ಜೊತೆಯಲ್ಲೇ ಉಸಿರಾಡುತ್ತಿದ್ದೆ. ಆಮೇಲೆ ಗಾಜಿನಾಚೆಯಿಂದ ಅವಳ ದನಿ ಕೇಳಿಸಿತು.

“ನಮ್ಮಪ್ಪ ವಾಚ್ ರಿಪೇರಿ ಮಾಡ್ತಾರೆ. ದಿನಾ ಏನಾದ್ರೂ ಬೀಳಿಸ್ತಾರೆ.”

ಇಡೀ ತರಗತಿ ನಕ್ಕಿತು. ನಗು ಮುಗಿಯುವವರೆಗೆ ಕಾದು, ಬಿದ್ದದ್ದನ್ನು ಹುಡುಕುವುದು ಹೇಗೆಂದು ಹೇಳಿಕೊಟ್ಟಳು. ಮೊದಲೇ ಟೀಚರಿಗೆ ಕೊಟ್ಟಿದ್ದ ಟಾರ್ಚ್ ಇಸಕೊಂಡು ನೆಲದ ಮೇಲೆ ಮಲಗಿಸಿ, ಗುಂಡುಸೂಜಿಯೊಂದರ ನೆರಳು ತೋರಿಸಿದಳು. ಕಿಸಕ್ಕೆಂದಿದ್ದ ಹುಡುಗಿ ಬೆಂಚಿನಿಂದ ಎದ್ದು ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ನನ್ನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತ್ತು. ಹೆಮ್ಮೆ ಅಂದರೆ ಹೆಮ್ಮೆ, ನಾಚಿಕೆ ಪಡದೆ ಹೇಳುತ್ತೇನೆ.

ಹೊರಗೆ ಬಂದವಳು ಮೊದಲು ಕೇಳಿದ್ದು, “ಅಪ್ಪ, ಶುರೂನಲ್ಲಿ ಎಷ್ಟು ಹೊತ್ತು ಸುಮ್ನೆ ನಿಂತಿದ್ದೆ?”

ಕಾರಿಡಾರಿನ ಗೋಡೆಯಲ್ಲಿ ನನ್ನ ತಲೆಯ ಮೇಲೆಯೇ ದೊಡ್ಡ ಗಡಿಯಾರವಿತ್ತು. ನಾನು ಒಮ್ಮೆಯೂ ಕತ್ತೆತ್ತಿರಲಿಲ್ಲ.

“ಗೊತ್ತಿಲ್ಲ ಮಗಳೇ. ನಿಜವಾಗ್ಲೂ ಗೊತ್ತಿಲ್ಲ.”

ಅವಳು ನನ್ನ ಮುಖವನ್ನು ಅನುಮಾನದಿಂದ ನೋಡಿದಳು. ನಂಬಿಕೆ ಬಂತೆಂದು ತೋರುತ್ತದೆ. ಜೇಬಿನಿಂದ ನಮ್ಮಪ್ಪನ ವಾಚು ತೆಗೆದು ನನ್ನ ಮುಂದೆ ಹಿಡಿದಳು. “ಬೈಬೇಡ, ಆಯ್ತಾ? ಕೀ ಕೊಡೋದು ಮರೆತುಬಿಟ್ಟೆ. ನಿಂತುಹೋಗಿ ಎಷ್ಟು ದಿನ ಆಯ್ತೋ.”

ನಮ್ಮಪ್ಪನ ಕೈಯಲ್ಲಿ, ಆಮೇಲೆ ನನ್ನ ಕೈಯಲ್ಲಿ ಒಂದು ದಿನವೂ ನಿಲ್ಲದ ವಾಚು. ಅದನ್ನು ನೋಡುತ್ತಿದ್ದಂತೆ ನನ್ನ ಮುಖವೆಲ್ಲ ಬಿಸಿಯಾಯಿತು, ತುಟಿ ಅದುರಿತು. ಸಿಟ್ಟಲ್ಲ, ಅಳು; ಆದರೆ ಅವಳು ಸಿಟ್ಟೆಂದೇ ತಿಳಿದಳು. ಸುತ್ತಲೂ ಮೇಜು ಹುಡುಕಿದಳು. ಕಾರಿಡಾರಿನಲ್ಲಿ ಎಲ್ಲಿಯ ಮೇಜು? ವಾಚನ್ನು ಅಮ್ಮನಿಗೆ ಕೊಟ್ಟು, ತನ್ನ ಎರಡೂ ಅಂಗೈಗಳನ್ನು ಮೇಲ್ಮುಖ ಮಾಡಿ ನನ್ನ ಮುಂದೆ ಚಾಚಿದಳು.

“ಇಡಪ್ಪ” ಎಂದಳು. “ಮೂರು ಸಲ. ನಾವು ಕಾಯ್ತೀವಿ.”

ಇಟ್ಟೆ. ನನ್ನ ಕೈ ನಡುಗುತ್ತಿತ್ತು. ಅವಳ ಕೈ ನಡುಗುತ್ತಿರಲಿಲ್ಲ.