ಒಣಗದ ಸೆಣಬಿನ ಸ್ಟೂಲು

ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಅಕ್ಕ, ಭಾವ ಎಲ್ಲರಿಗೂ ಅವಳು ‘ಮೇಡಂ’. ನಾರು ಮತ್ತು ರಾಳ ಒಂದನ್ನೊಂದು ಹೇಗೆ ಕಚ್ಚಿ ಹಿಡಿಯುತ್ತವೆ ಎಂದು ಕಾಲೇಜಿನಲ್ಲಿ ವರ್ಷಗಳಿಂದ ಪಾಠ ಮಾಡುತ್ತಿದ್ದಳು. ಹಾಗಂತ ಮನೆಯ ಗೋಡೆಗೆ ಒಂದು ಮೊಳೆಯನ್ನಾದರೂ ನೆಟ್ಟಗೆ ಹೊಡೆದವಳಲ್ಲ.

ಅಕ್ಕನದು ಹೊಲಿಗೆ ಅಂಗಡಿ. ಭಾರದ ಸ್ಟೂಲು ಎಳೆದಾಡಿ ಸೊಂಟ ಹಿಡಿದುಕೊಂಡಿದೆ ಎಂದು ಅಕ್ಕ ಹೇಳಿದ್ದೇ ತಡ, ಮೇಡಂ ಮಾತು ಕೊಟ್ಟುಬಿಟ್ಟಳು.

“ಸೆಣಬಿನ ಬಟ್ಟೆಗೆ ರಾಳ ಹಾಕಿ, ಗಟ್ಟಿ ಮಾಡಿ, ನಾನೇ ಸ್ಟೂಲು ಮಾಡ್ಕೊಡ್ತೀನಿ. ಒಂದೇ ಕೈಲಿ ಎತ್ಬಹುದು.”

ಸೆಣಬಿನ ಮೇಲಿನ ಮೇಣ ಹೋಗಲೆಂದು ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದಳು. ಮೇಣ ಹೋಗಿ ಮೈ ತರಿತರಿಯಾದರೆ ರಾಳಕ್ಕೆ ಹಿಡಿತ ಸಿಗುತ್ತದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಅದನ್ನು ಕಾಲೇಜಿನ ಲ್ಯಾಬಿನ ಓವನ್ನಿನಲ್ಲಿಟ್ಟು ತೇವವೆಲ್ಲ ಆರಿಸಬೇಕಿತ್ತು. ಒಳಗೆ ಪಸೆ ಉಳಿದರೆ ರಾಳ ಅಂಟುವುದಿಲ್ಲ ಎಂದು ಪ್ರತಿ ವರ್ಷ ಹುಡುಗರಿಂದ ಬಾಯಿಪಾಠ ಮಾಡಿಸುವವಳೂ ಅವಳೇ. ಆದರೆ ಭಾನುವಾರ ಅಕ್ಕನ ಅಂಗಡಿಗೆ ನೆಂಟರೆಲ್ಲ ಬರುವವರಿದ್ದರು. ಅಷ್ಟು ಜನರೆದುರು ಮೆರೆಯುವ ಅವಕಾಶ ಬಿಡುವುದುಂಟೇ? ತಾರಸಿಯ ಬಿಸಿಲಿಗೆ ಹರವಿ, ಮುಟ್ಟಿ ನೋಡಿ, ಒಣಗಿದೆ ಎಂದು ತನಗೆ ತಾನೇ ಸರ್ಟಿಫಿಕೇಟು ಕೊಟ್ಟುಕೊಂಡು, ರಾಳ ಹಾಕಿ ಸ್ಟೂಲು ಮಾಡಿಬಿಟ್ಟಳು.

ಭಾನುವಾರ ಸ್ಟೂಲು ನಿಜಕ್ಕೂ ಚೆಂದ ಕಾಣುತ್ತಿತ್ತು. ಅಕ್ಕ ಕೂರಲು ಹೋದಾಗ ಮೇಡಂ ತಡೆದಳು. ವಿವರಿಸದೆ ಬಿಟ್ಟರೆ ಅವಳಿಗೆ ಅನ್ನ ಅರಗಬೇಕಲ್ಲ. ಸ್ಟೂಲಿನ ಮೇಲೆ ತಾನೇ ಹತ್ತಿ ನಿಂತು ಶುರು ಮಾಡಿದಳು.

“ನಾರು, ರಾಳ ಎರಡೂ ಗಟ್ಟಿ ಇದ್ರೆ ಸಾಲ್ದು. ಅವೆರಡರ ಮಧ್ಯೆ ಹಿಡಿತ ಇರ್ಬೇಕು. ಆ ಹಿಡಿತ ಏನಾದ್ರೂ—”

ಸ್ಟೂಲಿನ ಕಾಲೊಂದು ಕರಕರ ಎಂದು ಮುರಿಯಿತು. ಮೇಡಂ ಬಟ್ಟೆಯ ರಾಶಿಯ ಪಕ್ಕಕ್ಕೆ, ಸರಿಯಾಗಿ ಬರಿನೆಲದ ಮೇಲೆ, ಕುಕ್ಕರಿಸಿದಳು.

ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

“ಪಾಠ ಮುಗೀತಾ ಮೇಡಂ?” ಎಂದರು ಭಾವ, ಬಹಳ ಮರ್ಯಾದೆಯಿಂದ.

ಅವಳು ಮುರಿದ ಕಾಲನ್ನು ಕಣ್ಣಿನ ಹತ್ತಿರ ಹಿಡಿದಿದ್ದಳು. ನಾರುಗಳು ತುಂಡಾಗದೆ ಇಡಿಯಾಗಿ ಕಿತ್ತು ಬಂದಿದ್ದವು. ಒಂದರ ಮೈಮೇಲೂ ರಾಳದ ಚೂರಿರಲಿಲ್ಲ. ಪುಸ್ತಕದಲ್ಲಿ ಹಾಕಬಹುದಾದ ಚಿತ್ರ.

“ಅಕ್ಕಾ, ಇಲ್ನೋಡು, ಎಷ್ಟು ನುಣ್ಣಗೆ ಕಿತ್ಕೊಂಡಿದೆ! ತೇವಕ್ಕೇ ಹೀಗಾಗಿದ್ದು.”

“ಮೊದ್ಲು ಏಳು. ಮೂಳೆ ನೆಟ್ಟಗಿದೆಯಾ ನೋಡ್ಕೋ,” ಎಂದಳು ಅಕ್ಕ.

ಮೂಳೆ ನೆಟ್ಟಗಿತ್ತು, ಮಾನದ ವಿಷಯ ಬೇರೆ. ಒಂದಷ್ಟು ದಿನ ತರಗತಿಯಲ್ಲಿ ನಿಂತೇ ಪಾಠ ಮಾಡಿದಳು, ಯಾಕೆಂದು ಯಾರಿಗೂ ಹೇಳಲಿಲ್ಲ.

ಎರಡನೇ ಸಲ ಸೆಣಬನ್ನು ಓವನ್ನಿನಲ್ಲಿಟ್ಟು ಸರಿಯಾಗಿ ಒಣಗಿಸಿ, ಅದು ತಣ್ಣಗಾಗಿ ಮತ್ತೆ ತೇವ ಹೀರುವ ಮುಂಚೆಯೇ ರಾಳ ಹಾಕಿದಳು. ಹೊಸ ಸ್ಟೂಲಿನ ಮೇಲೆ ಮೊದಲು ಭಾವ ಕೂತರು, ಎದ್ದರು, ಮತ್ತೆ ಧೊಪ್ಪನೆ ಕೂತರು. ಅದು ಕಮಕ್ ಕಿಮಕ್ ಎನ್ನಲಿಲ್ಲ. ಆಮೇಲೆ ಅಕ್ಕ ಅದನ್ನು ಒಂದೇ ಕೈಯಲ್ಲಿ ಎತ್ತಿ ಮೆಷಿನ್ನಿನ ಮುಂದಿಟ್ಟು, ಕೂತು, ಸೂಜಿಗೆ ದಾರ ಪೋಣಿಸಿದಳು.

“ಚೆನ್ನಾಗಿದೆ ಕಣೇ. ಯಾಕೆ ಚೆನ್ನಾಗಿದೆ ಅಂತ ಮಾತ್ರ ಹೇಳ್ಬೇಡ.”

ಮೇಡಂ ವಿವರಣೆಯನ್ನು ಬದಿಗಿಟ್ಟು, ಅಕ್ಕ ಹೊಲಿಯುತ್ತಿದ್ದ ರವಿಕೆಗಳಿಗೆ ಗುಂಡಿ ಆರಿಸಿಕೊಡುತ್ತ ಕೂತಳು.