ದೀಪ ಆರಿಸಲು ಹೊರಟ ಬಣ್ಣದಕ್ಕ

ಮುದ್ರಣಾಲಯದವರೆಲ್ಲ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಮಕ್ಕಳ ಪುಸ್ತಕದ ಚಿತ್ರಗಳು ಅಚ್ಚಿಗೆ ಹೋಗುವ ಮುಂಚೆ ಅವುಗಳ ಬಣ್ಣ ತಿದ್ದಿ ಕೊಡುವುದು ಅವಳ ಕೆಲಸ. ಅದಕ್ಕೆಂದೇ ಮನೆಯ ಹಿಂಬದಿಯ ಕೋಣೆಗೆ ಬೂದು ಬಣ್ಣ ಬಳಿಸಿ, ಕಿಟಕಿಗೂ ಬೂದು ಬಟ್ಟೆ ಇಳಿಬಿಟ್ಟಿದ್ದಳು. ಸುತ್ತ ಬೇರೆ ಬಣ್ಣ ಕಂಡರೆ ಕಣ್ಣು ಮೋಸ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಹಳೆಯ ಮಾನಿಟರ್ ಕೈಕೊಟ್ಟಾಗ ಮೈದುನ ಹೊಸದೊಂದನ್ನು ಹೊತ್ತು ತಂದ. ಚಿತ್ರವನ್ನೇನೋ ಅಷ್ಟು ಚೊಕ್ಕವಾಗಿ ಅವಳು ಎಂದೂ ಕಂಡಿರಲಿಲ್ಲ. ಆದರೆ ಸ್ವಿಚ್ ಹಾಕಿದ್ದೇ ತಡ, ಮಾನಿಟರಿನ ಬೆನ್ನಿಗಿದ್ದ ದೀಪದ ಉಂಗುರ ಹೊತ್ತಿಕೊಂಡು, ಬೂದು ಗೋಡೆ ಕೆಂಪಾಗಿ, ಹಸಿರಾಗಿ, ನೀಲಿಯಾಗಿ ಕುಣಿಯತೊಡಗಿತು.

“ಹೇಗಿದೆ ಅತ್ತಿಗೆ? ಗೇಮ್ ಆಡೋರಿಗೆ ಅಂತಲೇ ಮಾಡಿರೋದು!”

“ನಾನೇನು ಗೇಮ್ ಆಡ್ತೀನೇನೋ? ಮೊದಲು ಅದನ್ನ ಆರಿಸು ಮಾರಾಯ.”

ಆರಿಸಲು ಗುಂಡಿಯೇ ಇರಲಿಲ್ಲ. ದೀಪದ ಲಗಾಮೆಲ್ಲ ಕಂಪನಿಯ ಸಾಫ್ಟ್‌ವೇರಿನ ಕೈಯಲ್ಲಿತ್ತು. ಆ ಸಾಫ್ಟ್‌ವೇರೋ ವಿಂಡೋಸ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಓಡುತ್ತಿರಲಿಲ್ಲ. ಬಣ್ಣದಕ್ಕನ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್ ಎಂಬ ಬೇರೆಯೇ ವ್ಯವಸ್ಥೆ. ಅವಳ ಅಕ್ಷರದ ಫಾಂಟುಗಳು, ಬಣ್ಣದ ಅಳತೆಗಳು, ಕೈಗೆ ಪಳಗಿದ ಸಲಕರಣೆಗಳು ಎಲ್ಲ ಅದರಲ್ಲೇ ಬೇರು ಬಿಟ್ಟಿದ್ದವು. ಒಂದು ದೀಪಕ್ಕೋಸ್ಕರ ಅದನ್ನೆಲ್ಲ ಕಿತ್ತು ಬೇರೆ ಕಡೆ ನೆಡುವುದುಂಟೇ?

ಮೈದುನ ವಿಂಡೋಸ್ ಇದ್ದ ತನ್ನ ಲ್ಯಾಪ್‌ಟಾಪ್ ತಂದು, ಮಾನಿಟರಿಗೆ ಸಿಕ್ಕಿಸಿ ದೀಪ ಆರಿಸಿಕೊಟ್ಟ. ಕರೆಂಟ್ ಹೋಗಿ ಬಂತು, ಮತ್ತೆ ಕುಣಿತ ಶುರು. ಮತ್ತೆ ಬಂದ, ಮತ್ತೆ ಆರಿಸಿದ. ರಟ್ಟು ಕಟ್ಟಿ ಮುಚ್ಚಿದರೆ ಮಾನಿಟರ್ ಕಾದ ಹೆಂಚಾಯಿತು. ಕೊನೆಗೆ ಹೇಗೋ ಸುಧಾರಿಸಿಕೊಂಡು ಒಂದು ಆನೆಯ ಪುಸ್ತಕ ಮುಗಿಸಿದಳು. ಪರೀಕ್ಷೆಗೆಂದು ಒಂದು ಪ್ರತಿ ಅಚ್ಚು ಮಾಡಿದ ಮುದ್ರಣಾಲಯದ ಯಜಮಾನರು ಫೋನ್ ಮಾಡಿದರು.

“ಬಣ್ಣದಕ್ಕ, ಆನೆಗೆ ಜ್ವರ ಬಂದಿದೆಯೇನಮ್ಮ? ಮೈಯೆಲ್ಲ ಕೆಂಪಗಾಗಿದೆ.”

ಗೋಡೆ ಕೆಂಪಾಗಿದ್ದಾಗ ಬೂದು ಆನೆ ಅವಳ ಕಣ್ಣಿಗೆ ಹಸಿರುಹಸಿರಾಗಿ ಕಂಡಿತ್ತು. ಅದನ್ನು ಸರಿಮಾಡಲು ಹೋಗಿ ಅವಳೇ ಕೆಂಪು ಬೆರೆಸಿದ್ದಳು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಮಾತು ಕೇಳಿಸಿಕೊಂಡವಳಲ್ಲ. ಅವಳಿಗೆ ರೇಗಿಹೋಯಿತು.

ಕಂಪನಿಗೆ ಬರೆದಳು. “ನಿಮ್ಮ ವ್ಯವಸ್ಥೆಗೆ ನಮ್ಮ ಬೆಂಬಲವಿಲ್ಲ” ಎಂದು ಉತ್ತರ ಬಂತು. ಮತ್ತೆ ಬರೆದಳು, ಅದೇ ಗಿಣಿಪಾಠ. ಆಗ ಕಂಪನಿಯ ಗ್ರಾಹಕರ ಜಾಲತಾಣದಲ್ಲಿ ಕೆಂಪು ಆನೆಯ ಚಿತ್ರ ಹಾಕಿ, “ಲಿನಕ್ಸ್‌ಗೂ ದೀಪದ ಸಾಫ್ಟ್‌ವೇರ್ ಕೊಡಿ, ನನ್ನ ಆನೆಯನ್ನು ಉಳಿಸಿ” ಎಂದು ಬರೆದಳು. ಜನ ನಕ್ಕರು, ನಕ್ಕವರಲ್ಲೇ ಹಲವರು ತಮ್ಮ ಗೋಳನ್ನೂ ತೋಡಿಕೊಂಡರು. ನಕ್ಷತ್ರ ನೋಡುವ ಮೇಷ್ಟ್ರೊಬ್ಬರಿಗೆ ಕತ್ತಲೆಯೇ ಸಿಗುತ್ತಿರಲಿಲ್ಲವಂತೆ. ಇನ್ನೊಬ್ಬರು ಹೆಂಡತಿಯ ಬೈಗುಳ ತಾಳಲಾರದೆ ಮಾನಿಟರನ್ನು ಅಡುಗೆಮನೆಗೆ ಸಾಗಿಸಿದ್ದರಂತೆ.

ಅಷ್ಟರಲ್ಲಿ ಊರಿನ ಸಭಾಂಗಣದಲ್ಲಿ ಕಂಪನಿ ಗ್ರಾಹಕರ ಸಭೆ ಕರೆಯಿತು. ಬಣ್ಣದಕ್ಕ ಹೊರಟಳು. ಅತ್ತೆಯೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

“ನಿಮಗ್ಯಾಕತ್ತೆ? ಬರೀ ಕಂಪ್ಯೂಟರ್ ಮಾತು.”

“ಮನೇಲಿ ಕೂತು ಗೋಡೆ ನೋಡೋದಕ್ಕಿಂತ ವಾಸಿ. ನಡಿ.”

ಸಭೆಯಲ್ಲಿ ಅವಳು ಎದ್ದು ವಿಷಯ ಹೇಳಿದಾಗ ಮಾರಾಟದ ಮುಖ್ಯಸ್ಥರು ನಯವಾಗಿ ನಕ್ಕು, “ಲಿನಕ್ಸ್ ಬಳಸೋರು ತುಂಬ ಕಡಿಮೆ ಮೇಡಂ” ಎಂದರು.

ಅತ್ತೆ ಕೂತಲ್ಲಿಂದಲೇ ಕೇಳಿದರು: “ಅಲ್ಲಪ್ಪಾ, ದೀಪ ಹಚ್ಚಿ ಕೊಟ್ಟೋರು ನೀವು. ಆರಿಸೋದನ್ನ ಹೇಳಿಕೊಡೋಕೆ ನಾವೆಷ್ಟು ಜನ ಬರಬೇಕು?”

ಸಭಾಂಗಣವೆಲ್ಲ ಗೊಳ್ಳೆಂದಿತು. ಮುಖ್ಯಸ್ಥರೂ ನಗು ತಡೆಯಲಾರದೆ, ಪಕ್ಕದಲ್ಲಿದ್ದ ಎಂಜಿನಿಯರ್ ಹುಡುಗಿಯತ್ತ ತಿರುಗಿದರು. ಅವಳು ಇಷ್ಟು ಹೊತ್ತೂ ಕುರ್ಚಿಯ ತುದಿಯಲ್ಲೇ ಕೂತಿದ್ದಂತಿತ್ತು.

“ಸರ್, ಲಿನಕ್ಸಿಗೆ ಅಂತ ಅರ್ಧ ಬರೆದಿಟ್ಟಿದೀನಿ. ಪರೀಕ್ಷೆ ಮಾಡೋರು ಯಾರೂ ಇಲ್ಲ ಅಂತ ನೀವೇ ನಿಲ್ಲಿಸಿದ್ರಿ.”

“ನಾನು ಮಾಡ್ತೀನಿ” ಎಂದಳು ಬಣ್ಣದಕ್ಕ. ಹೇಳಿ ಕೂರಲೂ ಇಲ್ಲ. ಹಿಂದಿನ ಸಾಲಿನಿಂದ ಇನ್ನೂ ಒಂದೆರಡು ದನಿ “ನಾವೂ” ಎಂದವು. ಮುಖ್ಯಸ್ಥರು “ಸರಿ, ಮುಗಿಸಮ್ಮ” ಎಂದುಬಿಟ್ಟರು.

ಅಲ್ಲಿಂದ ಶುರುವಾಯಿತು ಹಬ್ಬ. ಮಧ್ಯಾಹ್ನ ಊಟವಾದ ಮೇಲೆ ಎಂಜಿನಿಯರ್ ಹುಡುಗಿ ಫೋನ್ ಮಾಡುವಳು. ಬಣ್ಣದಕ್ಕ ಅವಳು ಹೇಳಿದಂತೆ ಕೀಲಿ ಒತ್ತುವಳು. ಮಾನಿಟರಿನ ಮುಂದೆ ಕೂತವಳಿಗೆ ಹಿಂದಿನ ಉಂಗುರ ಸರಿಯಾಗಿ ಕಾಣದು. ಹಾಗಾಗಿ ಅತ್ತೆ ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು, ಫೋನ್ ಹಿಡಿದು ವರದಿ ಒಪ್ಪಿಸುವರು.

“ಅಮ್ಮಾ, ಈಗ ಯಾವ ಬಣ್ಣ?”

“ಟೊಮೆಟೊ.”

“ಈಗ?”

“ಗಿಳಿ ಹಸಿರು. ತಡಿ ತಡಿ, ಎಡಗಡೆ ಮೂಲೇಲಿ ಬದನೆಕಾಯಿ ಬಂತು.”

“ಬದನೆಕಾಯಿ ಬರಬಾರದಲ್ಲಾ!”

“ಬರಬಾರದು ಅಂದ್ರೆ? ಬಂದು ಕೂತಿದೆಯಮ್ಮ, ನಾನೇನು ಮಾಡ್ಲಿ?”

ಹುಡುಗಿ ಕಳಿಸಿದ ಒಂದು ಆವೃತ್ತಿಯಲ್ಲಿ ದೀಪ ಆರುವ ಬದಲು ಇಮ್ಮಡಿ ಉರಿಯಿತು. ಇನ್ನೊಂದರಲ್ಲಿ ಆಂಬುಲೆನ್ಸಿನಂತೆ ಮಿಣುಕತೊಡಗಿ, ಅತ್ತೆ ನಕ್ಕು ನಕ್ಕು ಕುರ್ಚಿಯಿಂದ ಜಾರುವುದರಲ್ಲಿದ್ದರು. ಕೆಲಸ ಹಿಂದೆ ಬಿದ್ದರೂ ಬಣ್ಣದಕ್ಕನಿಗೆ ಬೇಸರವೆನಿಸಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ಕೋಣೆಯೊಳಗೆ ಅವಳು ಒಬ್ಬಳೇ ಇರುತ್ತಿದ್ದಳು. ಅತ್ತೆ ಬಾಗಿಲಲ್ಲೇ ನಿಂತು ಕಾಫಿ ಕೊಟ್ಟು ಹೋಗುತ್ತಿದ್ದರು. ಈಗ ಊಟದ ತಟ್ಟೆ ತೊಳೆಯುವ ಮುಂಚೆಯೇ “ಬಾರೇ, ಹುಡುಗಿ ಫೋನ್ ಮಾಡೋ ಹೊತ್ತಾಯ್ತು” ಎಂದು ಅವರೇ ಅವಸರಿಸುತ್ತಿದ್ದರು.

ಒಂದು ಮಧ್ಯಾಹ್ನ ಬಣ್ಣದಕ್ಕ ಕೀಲಿ ಒತ್ತಿದಳು. ಅತ್ತೆ ಕತ್ತು ಚಾಚಿ ಗೋಡೆಯನ್ನೇ ನೋಡಿದರು.

“ಅಮ್ಮಾ? ಯಾವ ಬಣ್ಣ?”

“ಯಾವುದೂ ಇಲ್ಲ ಕಣಮ್ಮ. ಗೋಡೆ ಗೋಡೆ ಥರಾನೇ ಇದೆ.”

ಬಣ್ಣದಕ್ಕ ಎದ್ದು ಹೋಗಿ ನೋಡಿದಳು. ಕಂಪ್ಯೂಟರ್ ಪೂರ್ತಿ ಆರಿಸಿ, ಮಾನಿಟರಿನ ಪ್ಲಗ್ ಕಿತ್ತು, ಮತ್ತೆ ಸಿಕ್ಕಿಸಿ ಹಚ್ಚಿದಳು. ಲಿನಕ್ಸ್ ಎದ್ದು ಕೂತದ್ದೇ ದೀಪ ತಂತಾನೇ ಆರಿತು. ಆ ಕಡೆ ಹುಡುಗಿ ಕೂಗಿದ ಕೂಗಿಗೆ ಅತ್ತೆ ಫೋನನ್ನು ಕಿವಿಯಿಂದ ದೂರ ಹಿಡಿದರು.

ಆ ವಾರವೇ ಆನೆಯನ್ನು ಹೊಸದಾಗಿ ತಿದ್ದಿ ಕಳಿಸಿದಳು. “ಜ್ವರ ಬಿಟ್ಟಿದೆ” ಎಂದು ಯಜಮಾನರ ಸಂದೇಶ ಬಂತು. ಕಂಪನಿ ಸಾಫ್ಟ್‌ವೇರನ್ನು ಎಲ್ಲರಿಗೂ ತೆರೆದಿಟ್ಟಿತು. ನಕ್ಷತ್ರದ ಮೇಷ್ಟ್ರು ಕಗ್ಗತ್ತಲ ಕೋಣೆಯ ಫೋಟೊ ಕಳಿಸಿದರು. ಅದರಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಬಣ್ಣದಕ್ಕ ಅದನ್ನೇ ಮನೆಯವರಿಗೆಲ್ಲ ತೋರಿಸಿ ಬೀಗಿದಳು.

ಮರುದಿನ ಅಪರಿಚಿತನೊಬ್ಬ ಜಾಲತಾಣದಲ್ಲಿ ಅವಳಿಗೇ ಬರೆದಿದ್ದ: ತನ್ನ ಕೀಬೋರ್ಡ್ ಕೂಡ ಅದೇ ಕಂಪನಿಯದು, ಲಿನಕ್ಸ್‌ನಲ್ಲಿ ಅದರ ದೀಪವೂ ಮಾತು ಕೇಳುತ್ತಿಲ್ಲ, ಏನಾದರೂ ಮಾಡಬಹುದೇ? ಬಣ್ಣದಕ್ಕ ಅದನ್ನು ಗಟ್ಟಿಯಾಗಿ ಓದಿದಳು.

ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಮೊದಲು ಅವನನ್ನ ಕೇಳು, ಈಗ ಯಾವ ಬಣ್ಣ ಇದೆಯಂತೆ?”