ಓಡಿಸಿ ನೋಡಿದೆ, ಮುಳ್ಳು ಸರಿಯಿದೆ

ನನ್ನ ಸಿಟ್ಟಿನ ಬಗ್ಗೆ ಶಿರಸಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹೇಳ್ತಾರೆ. ಬೈಕ್ ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ನಾನು ಹಿರೇ ಮೆಕ್ಯಾನಿಕ್ಕು. ಹೆಸರು ಮಂಜ, ಊರು ಸಿದ್ದಾಪುರ ಬದಿಯ ಹೇರೂರು. ಗಿರಾಕಿ ಬಂದು "ಗಾಡಿ ಯಾಕೋ ಸರಿ ಇಲ್ಲ" ಅಂದರೆ ಸಾಕು, "ಗಾಡಿ ಸರಿ ಉಂಟು, ಓಡಿಸೋರು ಸರಿ ಇಲ್ಲ" ಅಂತ ನನ್ನ ಬಾಯಿ ಮೊದಲೇ ಹೇಳಿಬಿಡ್ತಿತ್ತು. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರೂದಿಲ್ಲ ಮಗಾ" ಅಂತ ಅವ್ವ ಎಷ್ಟು ಸಲ ಹೇಳಿದ್ದಳೋ. "ನನ್ನ ಮೂಗು ಗಟ್ಟಿ ಉಂಟು, ಬಿಡೇ" ಅಂತ ನಗಾಡ್ತಿದ್ದೆ.

ಎರಡು ಸಾವಿರದ ಮೂರನೇ ಇಸವಿ, ಹೋಳಿ ಮುಗಿದ ವಾರ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಷ್ಟರಲ್ಲಿ ಹುಲೇಕಲ್ಲಿನ ಅನಂತಮೂರ್ತಿ ಹೆಗಡೇರು ಗಾಡಿ ಸಮೇತ ಹಾಜರು. ನೋಡಿದ ಕೂಡಲೇ ನನಗೆ ಮೈ ಉರಿಯಿತು. ಒಂದೇ ದೂರು ತಗೊಂಡು ಮೂರನೇ ಸಲ ಬಂದಿದ್ದರು. ಅವರ ಬೈಕಿನ ಪೆಟ್ರೋಲ್ ಮುಳ್ಳು ಅರ್ಧಕ್ಕೆ ಬಂದು ನಿಂತರೆ ಅಲ್ಲೇ ಠಿಕಾಣಿ. ಟ್ಯಾಂಕು ಬತ್ತಿದರೂ ಅರ್ಧ, ತುಂಬಿದರೂ ಒಂದೊಂದು ಸಲ ಅರ್ಧ.

"ತಮಾ, ಇನ್ನು ಹತ್ತೇ ದಿನಕ್ಕೆ ವಾರಂಟಿ ಮುಗೀತು. ಈ ಸಲನಾದ್ರೂ ಬದಲು ಮಾಡಿ ಕೊಡು" ಅಂದರು. ಅವರು ಯಾರ ಹತ್ತಿರ ಮಾತಾಡಿದರೂ ಮನೆ ಭಾಷೆಯೇ.

ಈ ವಾರಂಟಿ ಅನ್ನೋದರ ಒಳಗುಟ್ಟು ಹೇಳ್ತೇನೆ, ಕೇಳಿ. ಕೆಟ್ಟ ಸಾಮಾನನ್ನು ಬಿಚ್ಚಿ, ಚೀಟಿ ಕಟ್ಟಿ, ನಾಲ್ಕು ಫಾರಂ ತುಂಬಿ ಕಂಪನಿಗೆ ಕಳಿಸಬೇಕು. ಅಲ್ಲಿಯವರು "ಇದು ಸರಿಯೇ ಇದೆ" ಅಂತ ವಾಪಸು ಕಳಿಸಿದರೆ ನಮ್ಮ ಸಾಹುಕಾರರು ಶೆಡ್ಡಿಗೆ ಬಂದು ಎಲ್ಲರೆದುರು ನನ್ನ ಚಳಿ ಬಿಡಿಸ್ತಿದ್ದರು. ಹಾಗಾಗಿ ನಾನೊಂದು ದಾರಿ ಮಾಡಿಕೊಂಡಿದ್ದೆ. ಗಾಡಿಯ ರಿಪೇರಿ ಬರೆಯುವ ಜಾಬ್ ಕಾರ್ಡಿನಲ್ಲಿ ಕೊನೆಗೆ ಒಂದು ಮನೆ ಇರ್ತದೆ, 'ಪರೀಕ್ಷಿಸಿದ ರೀತಿ' ಅಂತ. ಅದರಲ್ಲಿ "ಓಡಿಸಿ ನೋಡಿದೆ, ಮುಳ್ಳು ಸರಿಯಿದೆ" ಅಂತ ಬರೆದು ಸಹಿ ಹಾಕಿ ಕೊಡೋದು. ಹೆಗಡೇರ ಗಾಡಿಗೆ ಎರಡು ಸಲವೂ ಹಾಗೇ ಬರೆದಿದ್ದೆ. ಓಡಿಸೋದಿರಲಿ, ಸ್ಟ್ಯಾಂಡಿನಿಂದ ಇಳಿಸಿಯೂ ಇರಲಿಲ್ಲ.

ಅವತ್ತೂ ಕಾರ್ಡು ತಗೊಂಡು ಅದನ್ನೇ ಗೀಚಿದೆ. ಹೆಗಡೇರು ಕನ್ನಡಕ ಏರಿಸಿ ಓದಿದರು. ಸಿಟ್ಟು ಮಾಡಲಿಲ್ಲ. ಸೀಟಿನ ಕೆಳಗಿಂದ ಒಂದು ಬಿದಿರಿನ ಕಡ್ಡಿ ತೆಗೆದರು. ಗೇಣಿನ ಮೇಲೆ ಸ್ವಲ್ಪ ಉದ್ದ, ನುಣ್ಣಗೆ ಹೆರೆದದ್ದು, ಚಾಕುವಿನಲ್ಲಿ ಆರು ಗೀಟು ಹಾಕಿದ್ದು. ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು, ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು.

"ನೋಡು. ಮುಳ್ಳು ಅರ್ಧ ಹೇಳ್ತು. ಕಡ್ಡಿಲಿ ತುದಿ ಬಿಟ್ರೆ ಒಂದು ಗೀಟೂ ಒದ್ದೆ ಇಲ್ಲೆ. ನಿನ್ನೆನೇ ಆನು ರಿಸರ್ವಿಗೆ ತಿರುಗ್ಸಿದ್ದಿ. ಆನು ಸುಳ್ಳು ಹೇಳ್ತ್ನಿಲ್ಲೆ ತಮಾ, ಈ ಕಡ್ಡಿನೂ ಹೇಳ್ತಿಲ್ಲೆ."

ಶೆಡ್ಡಿನಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ಕಿಸಕ್ ಅಂದರು. ನನ್ನ ತಲೆ ಕೆಟ್ಟು ಹೋಯ್ತು ಮಾರಾಯ್ರೆ. ಹದಿಮೂರು ವರ್ಷ ಇಂಜಿನ್ನು ಬಿಚ್ಚಿದವನಿಗೆ ಬಿದಿರು ಕಡ್ಡಿಯ ಪಾಠವಾ? ಕಡ್ಡಿ ಕಿತ್ತುಕೊಂಡೆ. "ಹೆಗಡೇರೆ, ಟ್ಯಾಂಕಿಗೆ ಕಡ್ಡಿ ಹಾಕಿದರೆ ವಾರಂಟಿ ಅಲ್ಲಿಗೇ ಸತ್ತಿತು, ಗೊತ್ತುಂಟಾ? ಮುಳ್ಳನ್ನು ಏರಿಳಿಸುವ ಒಳಗಿನ ತೇಲುಬುಂಡೆಗೆ ನೀವೇ ತಿವಿದು ಹಾಳು ಮಾಡಿ ಈಗ ನಮ್ಮ ತಲೆಗೆ ಕಟ್ಟೂದಾ?" ಅಂತ ಕೂಗಿ ಲಟಕ್ಕಂತ ಮುರಿದು ಗಟಾರಕ್ಕೆ ಎಸೆದೆ.

ಅವರು ಗಟಾರವನ್ನೇ ನೋಡ್ತಾ ನಿಂತರು. "ಅದು ಇದ್ದಿದ್ದಕ್ಕೆ ಆನು ಇಷ್ಟು ದಿನ ಮನೆ ಮುಟ್ಟಿದ್ದಿ" ಅಂದರು. ಸಂಜೆ ಬರ್ತೇನೆ, ಕೀಲಿ ಇಲ್ಲೇ ಇರಲಿ ಅಂತ ಹೇಳಿ ಪೇಟೆಗೆ ನಡೆದು ಹೋದರು. ನಾನು ಗೆದ್ದವನ ಹಾಗೆ ಚಾ ತರಿಸಿ ಕುಡಿದೆ.

ಹತ್ತೂಮುಕ್ಕಾಲಿಗೆ ಶೋರೂಮಿನ ಫೋನು ಬಡಿಯಿತು. ನನ್ನ ಭಾವ ಸೋಮ, ಯಲ್ಲಾಪುರದಿಂದ. ನನ್ನ ತಂಗಿ ದೇವಿಯನ್ನು ಕೊಟ್ಟಿದ್ದು ಅಲ್ಲಿಗೇ. ಎಂಟು ತಿಂಗಳಾಗಿತ್ತು ಅವಳಿಗೆ, ಹೆರಿಗೆಗೆ ಇನ್ನೂ ದಿನ ಇತ್ತು.

"ಮಂಜಾ, ಬೆಳಿಗ್ಗೆ ಹೆರಿಗೆ ಆಯ್ತೋ. ಹೆಣ್ಣು ಮಗು. ಮಗು ಹುಷಾರುಂಟು. ದೇವಿಗೆ ರಕ್ತ ನಿಲ್ತಾ ಇಲ್ಲ. ಎರಡು ಬಾಟ್ಲಿ ಬೇಕಂತೆ. ಅವಳ ಗುಂಪಿಂದು ಇಲ್ಲಿಲ್ಲ, ಶಿರಸಿಯಲ್ಲಿ ಉಂಟು. ಡಾಕ್ಟರು ಅಲ್ಲಿಗೆ ಫೋನ್ ಮಾಡಿ ಹೇಳಿದ್ದಾರೆ. ಇಲ್ಲಿಯ ಜೀಪು ಬೇರೆ ಪೇಷಂಟ್ ತಗೊಂಡು ಹುಬ್ಬಳ್ಳಿಗೆ ಹೋಗಿದೆ. ನೀನೇ ತಗೊಂಡು ಬಾ. ಮಧ್ಯಾಹ್ನ ಒಂದು ಗಂಟೆಯೊಳಗೆ ಬಾ ಮಾರಾಯಾ, ದಮ್ಮಯ್ಯ."

ಸೈಕಲ್ಲು ತುಳಿದುಕೊಂಡು ರಕ್ತನಿಧಿಗೆ ಓಡಿದೆ. ಬದಲಿಗೆ ನನ್ನದೊಂದು ಬಾಟ್ಲಿ ಕೊಟ್ಟೆ. ಅವರು ಎರಡು ಚೀಲ ರಕ್ತವನ್ನು ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಟೇಪು ಸುತ್ತಿ ಕೊಟ್ಟರು. "ಎದ್ದ ಕೂಡಲೇ ಗಾಡಿ ಹತ್ತಬೇಡಿ" ಅಂದರು ಅಲ್ಲಿಯ ನರ್ಸಮ್ಮ. ಕೇಳುವ ಸ್ಥಿತಿಯಲ್ಲಿ ಯಾರಿದ್ದರು? ಯಲ್ಲಾಪುರದ ಬಸ್ಸು ಹನ್ನೆರಡಕ್ಕೆ, ಅದೂ ಹಳ್ಳಿ ಹಳ್ಳಿಗೆ ನಿಂತು ಹೋಗುವಂಥದ್ದು. ವಾಪಸು ಶೆಡ್ಡಿಗೆ ಬಂದೆ.

ಬಾಗಿಲಲ್ಲಿ ಮೂರು ಬೈಕು ನಿಂತಿದ್ದವು. ಮೂರರ ಕೀಲಿಯನ್ನೂ ಹಾಕಿ ನೋಡಿದೆ. ಒಂದರ ಮುಳ್ಳು ಕೆಂಪಿನಲ್ಲಿ, ಇನ್ನೊಂದರದು ಕೆಂಪಿನ ಪಕ್ಕ. ಮೂರನೆಯದು ಅರ್ಧ. ಅದು ಹೆಗಡೇರ ಗಾಡಿ. ನಿಮಗೆ ಈಗ ಅನ್ನಿಸ್ತದೆ, ಅರೆ, ಬೆಳಿಗ್ಗೆಯಷ್ಟೇ ಆ ಮನುಷ್ಯ ಬಾಯಿಬಿಟ್ಟು ಹೇಳಿದ್ದರಲ್ಲ ಅಂತ. ಹೇಳಿದ್ದರು. ಆದರೆ ಮೂರು ಸಲ ಬರೆದ ಸುಳ್ಳು ನನಗೇ ನಿಜ ಆಗಿಹೋಗಿತ್ತು. ಮುಳ್ಳು ಅರ್ಧ ಅಂದಿತು, ನಾನು ಹೂಂ ಅಂದೆ. ಡಬ್ಬಿಯನ್ನು ಟ್ಯಾಂಕಿನ ಮೇಲೆ ನನ್ನ ಹೊಟ್ಟೆಗೆ ಒತ್ತಿ ಹಗ್ಗ ಬಿಗಿದು ಹೊರಟೆ.

ಯಲ್ಲಾಪುರ ರಸ್ತೆಗೆ ತಿರುಗುವ ಮೊದಲು ಬಂಕು ಸಿಗ್ತದೆ. ನಾಲ್ಕು ಗಾಡಿ ಸಾಲಿನಲ್ಲಿದ್ದವು. ಬ್ರೇಕಿನ ಮೇಲೆ ಕಾಲಿಟ್ಟವನು ಮುಳ್ಳು ನೋಡಿದೆ. ಅರ್ಧ. ಕಾಲು ತೆಗೆದೆ. ನಿಂತಿದ್ದರೆ ಐದು ನಿಮಿಷ ಆಗ್ತಿತ್ತೇನೋ.

ಭೈರುಂಬೆ ದಾಟಿತು, ಸೋಂದಾ ಕ್ರಾಸ್ ದಾಟಿತು. ಗಾಡಿ ಹೆದರಿದ ದನದ ಹಾಗೆ ಓಡ್ತಿತ್ತು. ಉದ್ದಕ್ಕೂ ನಾನು ದೇವಿಯ ಹತ್ತಿರ ಮಾತಾಡಿದೆ, ಜೋರಾಗೇ. "ಬಂದೆ ಕಣೇ. ಅಣ್ಣ ಬಂದ. ಕಣ್ಣು ಮುಚ್ಚಬೇಡ." ಸಣ್ಣವಳಿದ್ದಾಗ ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಸಿದ್ದಾಪುರಕ್ಕೆ ಕರ್ಕೊಂಡು ಹೋಗ್ತಿದ್ದೆ. "ಜೋರಾಗಿ ಬಿಡೋ ಅಣ್ಣಾ, ಹೆದರಿಕೆ ಎಂತ ನಿಂಗೆ" ಅಂತ ನನ್ನನ್ನೇ ಹಂಗಿಸ್ತಿದ್ದವಳು ಅವಳು.

ಆಮೇಲೆ ಕಾಡು ಶುರುವಾಯ್ತು. ಮಂಚಿಕೇರಿ ಇನ್ನೂ ಮುಂದಿರುವಾಗ ಒಂದು ಏರಿನಲ್ಲಿ ಇಂಜಿನ್ನು ಎರಡು ಸಲ ಕೆಮ್ಮಿತು. ಆ ಕೆಮ್ಮು ಏನಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮುಳ್ಳು ನೋಡಿದೆ. ಅರ್ಧ. ಎಡಗೈ ಕೆಳಗೆ ಹಾಕಿ ರಿಸರ್ವಿಗೆ ತಿರುಗಿಸಲು ಹೋದೆ. ಪೆಟ್ರೋಲ್ ಕಾಕು ಆಗಲೇ ರಿಸರ್ವಿನಲ್ಲಿತ್ತು.

ಗಾಡಿ ನಿಂತಿತು.

ಮುಚ್ಚಳ ತೆಗೆದು ಕಣ್ಣಿಟ್ಟೆ. ತಳದ ತಗಡು ಹೊಳೀತಿತ್ತು, ಒಣಗಿ. ತೇಲುಬುಂಡೆಯ ಸರಳು ಅರ್ಧದಲ್ಲಿ ಸಿಕ್ಕಿಕೊಂಡು ಅಲ್ಲಾಡದೆ ನಿಂತಿತ್ತು. ಹೊಸದರಿಂದಲೇ ಸ್ವಲ್ಪ ಸೊಟ್ಟ ಬೆಸುಗೆ. ಕಡ್ಡಿಯಲ್ಲಿ ತಿವಿದ ಒಂದು ಗೀರೂ ಇರಲಿಲ್ಲ. ಮುಚ್ಚಳ ತೆಗೆದು ಒಂದೇ ಒಂದು ಸಲ ನೋಡಿದ್ದರೆ ಕಾಣುವಂಥ ದೋಷ ಅದು. ಆರು ತಿಂಗಳಲ್ಲಿ ನಾನು ನೋಡಿರಲಿಲ್ಲ. ಮುಳ್ಳಿನ ಗಾಜಿಗೆ ಮುಷ್ಟಿಯಿಂದ ಗುದ್ದಿದೆ, ಗಾಜು ಒಡೆದು ಕೈಯೆಲ್ಲಾ ರಕ್ತ ಆಯ್ತು. ಮುಳ್ಳು ಮಾತ್ರ ಅಲ್ಲೇ ಇತ್ತು.

ಡಬ್ಬಿ ಬಿಚ್ಚಿ ನೆಲಕ್ಕಿಟ್ಟು, ಗಾಡಿಯನ್ನು ಎಡಕ್ಕೆ ಪೂರಾ ಮಲಗಿಸಿ ಎತ್ತಿದೆ. ಮೂಲೆಯಲ್ಲಿ ಉಳಿದ ನಾಲ್ಕು ಹನಿ ಈಚೆ ಬರಲಿ ಅಂತ ಹಾಗೆ ಮಾಡ್ತಾರೆ. ಒದ್ದೆ, ಹತ್ತಿತು, ಒಂದು ಮೈಲಿ ಓಡಿತು. ಮತ್ತೆ ಮಲಗಿಸಿದೆ. ಈ ಸಲ ಬರೀ ಗಾಳಿ ಬುಸ್ ಅಂದಿತು.

ಒಂದು ಲಾರಿ ಬಂತು, ರಸ್ತೆ ನಡುವೆ ನಿಂತು ಕೈ ಅಡ್ಡ ಹಿಡಿದೆ. ಕೈ ತುಂಬ ರಕ್ತ ನೋಡಿ ಯಾರು ನಿಲ್ಲಿಸ್ತಾರೆ? ಹಾರ್ನ್ ಹಾಕಿ ಬದಿಗೆ ಸರಿದು ಹೋದ. ಎದುರಿಂದ ಬಂದ ಲೂನಾದವನು ನಿಲ್ಲಿಸಿದ, ಪಾಪ. "ಮಂಚಿಕೇರಿಯಲ್ಲಿ ಅಂಗಡಿಯವರು ಬಾಟ್ಲಿಯಲ್ಲಿ ಪೆಟ್ರೋಲ್ ಇಟ್ಟಿರ್ತಾರೆ. ಗಾಡಿ ತಿರುಗಿಸ್ತೇನೆ, ಹಿಂದೆ ಕೂರಿ" ಅಂದ. ಕೂತೆ. ನಮ್ಮಿಬ್ಬರನ್ನೂ ಹೊತ್ತು ಆ ಲೂನಾ ಏರು ಹತ್ತಲೊಲ್ಲದು. ಅರ್ಧ ದಾರಿಯಲ್ಲಿ ಅದರ ಚೈನೂ ಕಳಚಿತು. ಚೈನು ಹಾಕಿಕೊಡುವ ವ್ಯವಧಾನ ನನಗಿರಲಿಲ್ಲ. ಡಬ್ಬಿಯನ್ನು ತಲೆ ಮೇಲೆ ಇಟ್ಟುಕೊಂಡು ಓಡಿದೆ.

ರಕ್ತ ಕೊಟ್ಟ ಮೈ, ಮೇಲಿಂದ ಬಿಸಿಲು. ಕಣ್ಣೆದುರು ಕಪ್ಪು ಚುಕ್ಕೆ ಕುಣೀತಿದ್ದವು. ಎರಡು ಸಲ ಮುಗ್ಗರಿಸಿದೆ, ಎರಡು ಸಲವೂ ಡಬ್ಬಿಯನ್ನು ಎದೆಗೆ ಅವಚಿಕೊಂಡು ಬೆನ್ನಿನ ಮೇಲೆ ಬಿದ್ದೆ. ಸ್ವರ್ಣವಲ್ಲಿ ಮಠದ ದೇವರಿಂದ ಹಿಡಿದು ನಮ್ಮೂರ ಚೌಡಿಯವರೆಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಇನ್ನು ಜೀವಮಾನದಲ್ಲಿ ಯಾರ ಮೇಲೂ ಕೂಗೂದಿಲ್ಲ ಅಂದೆ. ಸುಳ್ಳು ಬರೆಯೂದಿಲ್ಲ ಅಂದೆ. ಅವಳನ್ನು ಒಂದು ತಾಸು ಹಿಡಿದುಕೋ, ಒಂದೇ ತಾಸು, ಅಂತ ಅತ್ತೆ.

ಮಂಚಿಕೇರಿಯ ಮೊದಲ ಮನೆ ಕಾಣುವಾಗ ಹಿಂದಿನಿಂದ ಬಸ್ಸು ಬಂತು. ಕಂಡಕ್ಟರು ಕೈ ಹಿಡಿದು ಮೇಲೆ ಎಳೆದುಕೊಂಡ. ಬೋರ್ಡು ನೋಡಿದೆ. ನಾನು ಕಾಯಲಾರೆ ಅಂತ ಬಿಟ್ಟು ಬಂದಿದ್ದ ಹನ್ನೆರಡರ ಬಸ್ಸು ಅದು.

ವಿಷಯ ತಿಳಿದ ಡ್ರೈವರು ಆಮೇಲೆ ಎಲ್ಲೂ ನಿಲ್ಲಿಸಲಿಲ್ಲ. ಇಳಿಯಬೇಕಾದವರೂ ಒಬ್ಬರೂ ಗೊಣಗಲಿಲ್ಲ. ಆಸ್ಪತ್ರೆಯ ಗೇಟಿಗೇ ತಂದು ನಿಲ್ಲಿಸಿದ. ಒಳಗೆ ಓಡುವಾಗ ಗೋಡೆಯ ಗಡಿಯಾರದಲ್ಲಿ ಒಂದೂವರೆ ಆಗಿತ್ತು. ಬೈಕು ನಡುವೆ ನಿಲ್ಲದಿದ್ದರೆ ಹನ್ನೆರಡೂಕಾಲಿಗೆ ನಾನು ಅಲ್ಲಿರ್ತಿದ್ದೆ.

ಸೋಮ ವರಾಂಡದ ಬೆಂಚಿನಲ್ಲಿ ಕೂತಿದ್ದ. ಮಡಿಲಲ್ಲಿ ಬಿಳಿ ಬಟ್ಟೆಯ ಗಂಟು, ಅದರೊಳಗೆ ಮಗು. ನನ್ನ ಮುಖ ನೋಡಿದ, ಡಬ್ಬಿ ನೋಡಿದ.

"ಮಧ್ಯಾಹ್ನ ಒಂದು ಗಂಟೆವರೆಗೂ ನಿನ್ನನ್ನೇ ಕೇಳ್ತಿದ್ದಳೋ" ಅಂದ. "ಅಣ್ಣ ಬೈಕಲ್ಲಿ ಬರ್ತಾನೆ, ಜೋರಾಗಿ ಬಿಡ್ತಾನೆ ಅಂತಿದ್ದಳು."

ನರ್ಸಮ್ಮ ಬಂದು ನನ್ನ ಕೈಯಿಂದ ಡಬ್ಬಿ ಬಿಡಿಸಿಕೊಂಡರು. ಟೇಪು ಹರಿದು ತೆಗೆದು ನೋಡಿದರು. ಮಂಜುಗಡ್ಡೆ ಇನ್ನೂ ಕರಗಿರಲಿಲ್ಲ.

ದೇವಿಯ ಹನ್ನೆರಡು ದಿನದ ಕಾರ್ಯ ಮುಗಿಸಿ ಶೆಡ್ಡಿಗೆ ಹೋದೆ. ಅವ್ವ ನನಗೆ ಒಂದು ಮಾತೂ ಅಂದಿರಲಿಲ್ಲ, ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಸಮಾಧಾನ ಆಗ್ತಿತ್ತು. ಹೆಗಡೇರು ಮರುದಿನವೇ ಬಾಟ್ಲಿಯಲ್ಲಿ ಪೆಟ್ರೋಲ್ ಒಯ್ದು ಕಾಡಿನಿಂದ ಗಾಡಿ ತಂದರಂತೆ. ಒಡೆದ ಗಾಜಿನ ಬಗ್ಗೆ ಯಾರಿಗೂ ದೂರು ಹೇಳಲಿಲ್ಲವಂತೆ. ನಾನು ಬಂದದ್ದು ಗೊತ್ತಾಗಿ ಸಂಜೆ ಅದೇ ಗಾಡಿಯಲ್ಲಿ ಬಂದರು.

ಹ್ಯಾಂಡಲ್ಲಿಗೆ ಹೊಸ ಬಿದಿರು ಕಡ್ಡಿ ಕಟ್ಟಿದ್ದರು, ಆರು ಗೀಟಿನದು. ನನ್ನನ್ನು ಕಂಡವರೇ ಅದನ್ನು ಗಡಿಬಿಡಿಯಲ್ಲಿ ಬಿಚ್ಚಿ ಅಂಗಿಯೊಳಗೆ ತುರುಕಿಕೊಂಡರು. ಕಡ್ಡಿ ಉದ್ದ, ತುದಿ ಕಾಲರಿನಿಂದ ಈಚೆ ಇಣುಕ್ತಿತ್ತು. ಆ ಮನುಷ್ಯ ನನಗೆ ನೋವಾದೀತು ಅಂತ ಕಡ್ಡಿ ಬಚ್ಚಿಡ್ತಿದ್ದರು.

"ಮುಳ್ಳಿಂದು ಎಂತೂ ಮಾಡದು ಬೇಡ ತಮಾ" ಅಂದರು. "ವಾರಂಟಿನೂ ಮುಗತ್ತು. ನಿನ್ನ ನೋಡ್ಕ್ಯಂಡು ಹೋಪನ ಹೇಳಿ ಬಂದಿ ಅಷ್ಟೇ."

"ಕಡ್ಡಿ ಕೊಡಿ" ಅಂದೆ. ಕೊಟ್ಟರು. ಇಳಿಬಿಟ್ಟು ಎತ್ತಿದೆ. ಎರಡು ಗೀಟು ಒದ್ದೆ. ಮುಳ್ಳು ಅರ್ಧದಲ್ಲಿತ್ತು.

ಹೊಸ ಜಾಬ್ ಕಾರ್ಡು ತಗೊಂಡೆ. ಸಾಹುಕಾರರು ಬಾಗಿಲಲ್ಲಿ ನಿಂತು, "ಅವಧಿ ಮೀರಿದ್ದು ಕಂಪನಿ ತಗೊಳ್ಳೂದಿಲ್ಲ ಮಂಜಾ, ಸುಮ್ಮನೆ ಯಾಕೆ ಬರೀತಿ" ಅಂದರು. ಅವತ್ತು ನಾನು ಕೂಗಲಿಲ್ಲ. ಗಿರಾಕಿಯ ಹೆಸರು, ಊರು, ಗಾಡಿ ನಂಬರು ಬರೆದೆ. ದೂರಿನ ಮನೆಯಲ್ಲಿ 'ಮುಳ್ಳು ಸರಿಯಿಲ್ಲ' ಅಂತ ಬರೆದೆ. ಕೊನೆಗೆ ಆ ಮನೆ ಬಂತು, 'ಪರೀಕ್ಷಿಸಿದ ರೀತಿ'. ಗಾಜು ಕೊಯ್ದ ಕೈಯಲ್ಲಿ ಪೆನ್ನು ನಿಲ್ತಿರಲಿಲ್ಲ. ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು ಬರೆದೆ.

ಓಡಿಸಿ ನೋಡಿದೆ.

ಕೆಳಗೆ ಸಹಿ ಹಾಕಿ, ತಾರೀಕು ಹಾಕಿ, ಕಾರ್ಡನ್ನು ಹೆಗಡೇರ ಕೈಗೆ ಕೊಟ್ಟೆ.